ಸೊನ್ನೆಯನ್ನೂ ಬರೆಯಬೇಕು

ಕೋಡಿಬೆಂಗ್ರೆಯ ತಡೆಗೋಡೆಯಲ್ಲಿ
ತುದಿಯಿಂದ ಹನ್ನೊಂದನೆಯ ಬಂಡೆ ನಮ್ಮದು.
ಗುರುತಿಗೆ ಯಾರೋ ಬಳಿದ ಹಳದಿ ಪೇಂಟನ್ನು
ಮಳೆಗಾಲ ಮುಕ್ಕಾಲು ನೆಕ್ಕಿದೆ.

ಶನಿವಾರ, ಆರೂಮುಕ್ಕಾಲು.
ನೆಲಗಾಳಿ ಬೆನ್ನಿಗೆ, ಬಿಸಿಲೂ ಬೆನ್ನಿಗೆ;
ಸ್ವರ್ಣೆಯೂ ಸೀತೆಯೂ ಕೂಡಿ
ಕೆಸರುಬಣ್ಣದ ಒಂದೇ ನಾಲಗೆಯಾಗಿ
ಕಡಲಿನ ಉಪ್ಪು ನೋಡುವ ಹೊತ್ತು.

ನಾವು ನಾಲ್ವರು. ದುರ್ಬೀನು ಎರಡು,
ಫ್ಲಾಸ್ಕಿನಲ್ಲಿ ಕೊತ್ತಂಬರಿ ಕಷಾಯ,
ಕ್ಲಿಪ್ಪಿಗೆ ಸಿಕ್ಕಿಸಿದ ಹಾಳೆ.
ಕಾಲೇಜಿನ ಸಫೂರಾ ಮೊದಲ ದಿನವೇ ಹೇಳಿದ್ದಳು:
"ಡಾಲ್ಫಿನ್ ಅಲ್ಲ ಅಂಕಲ್. ಇದಕ್ಕೆ ಬೆನ್ನಿನ ರೆಕ್ಕೆಯಿಲ್ಲ,
ಹಾರುವುದಿಲ್ಲ, ದೋಣಿ ಕಂಡರೆ ಸರಿದುಹೋಗುತ್ತದೆ.
ಕಾಣುವುದು ಇಷ್ಟೇ..."
ಎಂದು ಮುಷ್ಟಿಯನ್ನು ದುಪಟ್ಟದ ಅಡಿಯಲ್ಲಿ
ಒಮ್ಮೆ ಹೊರಳಿಸಿದಳು.

ಹಂದಿಮೀನು ಎನ್ನುತ್ತಾರೆ ಇಲ್ಲಿ.
ಹೆಸರಿಟ್ಟವರಿಗೆ ಅದು
ಬಲೆಯಲ್ಲಿ ಮಾತ್ರ ಕಂಡಿರಬೇಕು.

ಮೂವತ್ತೊಂದು ವರ್ಷ ಕರೆಂಟಿನ ಮೀಟರು ಓದಿದವನು ನಾನು.
ಜಗಲಿ ಜಗಲಿ ಹತ್ತಿ, ನಾಯಿಗಳಿಗೆ ಹೆದರಿ,
ಮುಚ್ಚಿದ ಮನೆ ಸಿಕ್ಕರೆ 'ಬಾಗಿಲು ಹಾಕಿದೆ' ಎಂದು ಗೀಚಿ
ಹಿಂದಿನ ತಿಂಗಳುಗಳ ಸರಾಸರಿ ಹಾಕಿ
ಮುಂದಿನ ಗೇಟಿಗೆ.
ಇಲ್ಲಿ ಸರಾಸರಿ ನಡೆಯುವುದಿಲ್ಲ.
ಕಾಣದಿದ್ದರೆ ಸೊನ್ನೆ.
ಸೊನ್ನೆಯನ್ನೂ ಬರೆಯಬೇಕು, ಗಂಟೆ ನಿಮಿಷ ಸಮೇತ.
ಖಾಲಿ ಬಿಟ್ಟರೆ
ನಾವು ಬರಲೇ ಇಲ್ಲ ಎಂದಾಗುತ್ತದಂತೆ.

ಆರು ಐವತ್ತು: ಸೊನ್ನೆ.
ಏಳು: ಸೊನ್ನೆ. ತೇಲುತ್ತಿದ್ದದ್ದು ತೆಂಗಿನಕಾಯಿ.
ಏಳು ಹತ್ತು: ಸೊನ್ನೆ. ಮಲ್ಪೆಯ ಬೋಟುಗಳು ಆರು.
ಅವುಗಳ ಹಿಂದೆ ಕೂಗುವ ಕಡಲಕಾಗೆಗಳಿಗೆ
ಹಾಳೆಯಲ್ಲಿ ಅಂಕಣವಿಲ್ಲ.
ಬ್ಯಾಂಕಿನ ಕ್ಯಾಷಿಯರಾಗಿದ್ದ ಇನಾಸ್ ಅಲ್ಮೇಡಾ
ಕಡಲನ್ನು ನೋಟಿನ ಕಟ್ಟಿನಂತೆ
ಎಡದಿಂದ ಬಲಕ್ಕೆ ಎಣಿಸುತ್ತಾರೆ,
ಹೆಬ್ಬೆರಳನ್ನು ಆಗಾಗ ನಾಲಗೆಗೆ ಒತ್ತಿ.

ವಾರಿಜಕ್ಕನಿಗೆ ದುರ್ಬೀನು ಬೇಡ.
ಮೀನಿನ ಬುಟ್ಟಿ ಹೊತ್ತು ಸವೆದ ನೆತ್ತಿಗೆ
ಸಿಂಬೆಯ ಹಾಗೆ ಟವೆಲು ಸುತ್ತಿ
ಕಣ್ಣು ಮುಚ್ಚಿ ಕೂತುಬಿಡುತ್ತಾಳೆ.
ನಿದ್ದೆ ಎಂದುಕೊಂಡಿದ್ದೆವು ಮೊದಲು.

ಏಳು ಹದಿನೇಳಕ್ಕೆ
"ಉಂಡು," ಎಂದಳು.
ಎಲ್ಲಿ? ಬೆರಳು ತೋರಿಸಲಿಲ್ಲ, ಗದ್ದ ಎತ್ತಿದಳಷ್ಟೇ
ಅಳಿವೆಯ ಬಾಯಿಯತ್ತ, ಕೆಸರು ನೀಲಿಗೆ ತಾಗುವಲ್ಲಿ.
ಸೈಕಲ್ ಟ್ಯೂಬಿನ ಪಿನ್ನು ಒಮ್ಮೆ ಒತ್ತಿ ಬಿಟ್ಟ ಹಾಗೆ
ಒಂದು ಉಸಿರಂತೆ.
ನಾವು ಮೂವರೂ ಹುಡುಕಿದೆವು.
ನೀರು. ನೀರಿನ ಮೇಲೆ ನೀರು.

"ಕಿವಿಗೆ ಕಂಡದ್ದಕ್ಕೆ ಅಂಕಣ ಇದೆಯಾ?"
ಇನಾಸರು ನಯವಾಗಿಯೇ ಕೇಳಿದರು.
ಸಫೂರಾ ಪೆನ್ನಿನ ತುದಿ ಕಚ್ಚಿದಳು.

ವಾರಿಜಕ್ಕ ಹೇಳಿದಳು, ನಮಗಲ್ಲ, ಬಂಡೆಗೆ ಎಂಬಂತೆ:
ದೊಡ್ಡ ಮಗ ಹುಟ್ಟಿದ ವರ್ಷ. ಕೈರಂಪಣಿ ಎಳೆದಿದ್ದರು.
ಬಂಗುಡೆ, ಬೂತಾಯಿಯ ರಾಶಿಯೊಳಗೆ ಇದೊಂದು,
ನುಣ್ಣಗೆ, ತೊಳೆದಿಟ್ಟ ಬದನೆಕಾಯಿಯ ಹಾಗೆ.
ನಾಲ್ವರು ಎತ್ತಿ ನೀರಿಗೆ ಬಿಟ್ಟರು, ಅಲೆ ಹಿಂದಕ್ಕೆ ತಂದಿತು.
ಮತ್ತೆ ಬಿಟ್ಟರು. ಮತ್ತೆ ತಂದಿತು.
ಮಧ್ಯಾಹ್ನದವರೆಗೂ ಅದೇ ಸದ್ದು,
ಪ್ಸ್... ತುಂಬ ಹೊತ್ತಿನ ಮೇಲೆ ಇನ್ನೊಮ್ಮೆ, ಪ್ಸ್.
ಮಗುಚಿದಾಗ ಹೊಟ್ಟೆಯಡಿಯಿಂದ
ಮರಳಿಗೆ ಹಾಲು ಇಳಿಯಿತು.
"ನನ್ನ ರವಕೆಯೂ ಒದ್ದೆಯಾಗಿತ್ತು.
ಅದರ ಮರಿ ಎಲ್ಲಿ ಅಂತ
ಯಾರೂ ಎಣಿಸಲಿಲ್ಲ."

ಇಷ್ಟು ಹೇಳಿ ಕಷಾಯಕ್ಕೆ ಕೈಚಾಚಿದಳು.

ಏಳು ಇಪ್ಪತ್ತರ ಸಾಲು ಇನ್ನೂ ಖಾಲಿ.
ಸಫೂರಾ ಹಾಳೆಯನ್ನು ನನ್ನತ್ತ ನೂಕಿದಳು,
ನನ್ನ ಅಕ್ಷರ ದುಂಡಗಿದೆ ಎಂಬ ನೆವ.
ಸಂಖ್ಯೆಯ ಕೆಳಗೆ ಸೊನ್ನೆ ಹಾಕಿದೆ. ನಿಯಮ ನಿಯಮವೇ.
ಷರಾದಲ್ಲಿ ಬರೆದೆ: ಒಂದು ಉಸಿರು, ಅಳಿವೆಯ ಕಡೆ.
ಕೇಳಿದವರು ವಾರಿಜ ಮೆಂಡನ್.
ಜಾಗ ಸಾಲದೆ ಕೊನೆಯ ಅಕ್ಷರ ಗೆರೆ ದಾಟಿತು.

ಆಮೇಲೆ ಹತ್ತು ನಿಮಿಷ
ನಾಲ್ವರೂ ಕಣ್ಣು ಮುಚ್ಚಿ ಕೂತಿದ್ದೆವು.
ದೋಣಿಯಲ್ಲಿ ಬಲೆ ಬಿಡಿಸುತ್ತಿದ್ದ ಹುಡುಗ
"ಇವರಿಗೆ ಎಂತ ಆಗಿದೆ ಮಾರಾಯ!"
ಎಂದು ಯಾರಿಗೋ ಕೂಗಿದ್ದು
ಸ್ಪಷ್ಟವಾಗಿ ಕೇಳಿಸಿತು.